ಬ್ಯಾಕ್‌ರೆಸ್ಟ್ ಬಿಚ್ಚೋದು ಸುಲಭ, ಆ ತೂತಿಗೆ ಯಾವ ಬೋಲ್ಟ್ ಹಾಕ್ತೀರಿ?

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿದ್ದೇನೆ, ಕೆಲಸ ಹಿಂಜವಡಿಯಲ್ಲಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬಜಾಜ್ ಅವೆಂಜರ್ 220 ಕ್ರೂಸ್ ಬೈಕ್ ತಗೊಂಡೆ. ಹಿಂದಿನ ಮಾಲೀಕರು ಕಂಪನಿಯ ಹಿಡಿಕೆ ತೆಗೆಸಿ, ಹೊರಗಡೆಯಿಂದ ತಂದ ಎತ್ತರದ ಬ್ಯಾಕ್‌ರೆಸ್ಟ್ ಹಾಕಿಸಿದ್ದಾರೆ. ಮಡ್‌ಗಾರ್ಡಿನ ಎರಡೂ ಪಕ್ಕ ಕ್ರೋಮ್ ಪ್ಲೇಟು, ಒಂದೊಂದಕ್ಕೆ ಎರಡೆರಡು ಬೋಲ್ಟು. ಧಾರವಾಡದಿಂದ ಅಪ್ಪ ಬಂದಿದ್ದಾರೆ. ಅವರಿಗೆ ಮೊಣಕಾಲು ನೋವು, ಕಾಲೆತ್ತಿ ಹತ್ತೋಕೆ ಆಗ್ತಿಲ್ಲ. ಹೆಂಡತಿ ಮಾತ್ರ ಬ್ಯಾಕ್‌ರೆಸ್ಟ್ ತೆಗೆದರೆ ಹಿಂದೆ ಕೂರಲ್ಲ ಅಂತಾಳೆ. ಮನೆಯಲ್ಲೇ ಬಿಚ್ಚಬಹುದಾ? ಗ್ಯಾರೇಜಿನವರು ‘ನಾಲ್ಕು ಬೋಲ್ಟ್, 10 ನಿಮಿಷದ ಕೆಲಸ’ ಅಂದರು.

ಉತ್ತರ:

ಬಿಚ್ಚಬಹುದು. ಗ್ಯಾರೇಜಿನವರು ಹೇಳಿದ್ದೂ ಸುಳ್ಳಲ್ಲ, ಬಿಚ್ಚೋಕೆ 10 ನಿಮಿಷ ಸಾಕು. ಆದರೆ ಬಿಚ್ಚಿದ ನಾಲ್ಕು ಬೋಲ್ಟನ್ನೇ ತಿರುಗಿ ಅದೇ ತೂತಿಗೆ ಬಿಗಿದು, ಕೈ ಒರೆಸಿಕೊಂಡು ಎದ್ದರೆ ತೊಂದರೆ ಅಲ್ಲಿಂದ ಶುರು. ನಾನೇ ಮಾಡಿಕೊಂಡಿದ್ದೇನೆ. ಅದಕ್ಕೇ ಮೊದಲು ಅದನ್ನೇ ಹೇಳುತ್ತೇನೆ.

ಗದಗದಿಂದ ಪುಣೆಗೆ ಬಂದ ಹೊಸತು. ನನ್ನ ಹತ್ತಿರ ಒಂದು ಹಳೇ ಕ್ರೂಸರ್ ಇತ್ತು. ಒಂದು ಭಾನುವಾರ ಅದರ ಬ್ಯಾಕ್‌ರೆಸ್ಟ್ ಬಿಚ್ಚಿದೆ. ತೂತು ಖಾಲಿ ಯಾಕೆ ಬಿಡೋದು ಅಂತ ಅವೇ ಬೋಲ್ಟ್ ಹಾಕಿದೆ. ಒಬ್ಬನೇ ಎರಡು ದಿನ ಓಡಾಡಿದೆ, ಏನೂ ಆಗಲಿಲ್ಲ. ಮೂರನೇ ದಿನ ಹೆಂಡತಿಯನ್ನು ಕೂರಿಸಿಕೊಂಡು ಸ್ವಾರ್ಗೇಟ್‌ನಿಂದ ಕಾತ್ರಜ ಕಡೆ ಹೊರಟೆ. ಒಂದು ಸ್ಪೀಡ್ ಬ್ರೇಕರ್ ದಾಟಿ ಹಿಂದಿನ ಚಕ್ರ ಇಳಿದಾಗ ಕೆಳಗಿನಿಂದ ‘ಕರ್ರ್’ ಅಂತ ಸದ್ದು. ಚೈನ್ ಕವರ್ ಇರಬೇಕು ಅಂದುಕೊಂಡೆ. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ ಟೈರಿನ ಎಡ ಅಂಚಿನಲ್ಲಿ ಈಳಿಗೆಗೆ ತಾಗಿಸಿದ ಹಾಗೆ ಒಂದು ಗೀರು. ಮಡ್‌ಗಾರ್ಡಿನ ಒಳಗೆ ಬೋಲ್ಟಿನ ತುದಿ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು, ಸುತ್ತ ಕಪ್ಪು ರಬ್ಬರ್ ಪುಡಿ. ಇನ್ನೊಂದು ನಾಲ್ಕು ಸ್ಪೀಡ್ ಬ್ರೇಕರ್ ಸಿಕ್ಕಿದ್ದರೆ ಟೈರ್ ಕಥೆ ಮುಗಿದಿತ್ತು, ಅದೂ ಇಬ್ಬರು ಕೂತಾಗ.

ಕಾರಣ ಸರಳ. ಬ್ಯಾಕ್‌ರೆಸ್ಟಿನ ಪ್ಲೇಟು ಸುಮಾರು 5 ಮಿಲಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ. ಆ ಪ್ಲೇಟು ಹಾಕಿದವರು ಅದಕ್ಕೆ ಸರಿಯಾಗಿ ಉದ್ದದ ಬೋಲ್ಟ್ ಹಾಕಿರುತ್ತಾರೆ. ಪ್ಲೇಟು ತೆಗೆದ ಮೇಲೆ ಅದೇ ಬೋಲ್ಟ್ 5 ಮಿಲಿಮೀಟರ್ ಜಾಸ್ತಿ ಒಳಗೆ ಹೋಗುತ್ತದೆ. ಒಳಗೆ ಇರೋದು ಟೈರು. ಕೆಲವು ಗಾಡಿಯಲ್ಲಿ ಪ್ಲೇಟಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬುಶ್, ಅಂದರೆ ಬೋಲ್ಟ್ ತೂರೋ ಸಣ್ಣ ಕೊಳವೆ ತುಂಡು, ಕೂಡ ಇರುತ್ತದೆ, 10 ಅಥವಾ 15 ಮಿಲಿಮೀಟರ್‌ದು. ಅದನ್ನೂ ತೆಗೆದರೆ ಬೋಲ್ಟ್ ಇನ್ನೂ ಎಷ್ಟು ಒಳಗೆ ಚಾಚುತ್ತದೆ ನೀವೇ ಲೆಕ್ಕ ಹಾಕಿ. ಇದರ ಉಲ್ಟಾ ಕೂಡ ಆಗುತ್ತದೆ. ಒಳಗಿನ ತೂತು ಕುರುಡು ತೂತಾಗಿದ್ದರೆ, ಅಂದರೆ ಆಚೆ ಕಡೆ ತೆರೆದಿಲ್ಲದಿದ್ದರೆ, ಉದ್ದದ ಬೋಲ್ಟ್ ತಳಕ್ಕೆ ಹೋಗಿ ಮುಟ್ಟಿ ನಿಲ್ಲುತ್ತದೆ. ಕೈಗೆ ‘ಟೈಟ್ ಆಯ್ತು’ ಅನ್ನಿಸುತ್ತದೆ. ನಿಜವಾಗಿ ತಲೆ ಇನ್ನೂ ಕೂತೇ ಇರಲ್ಲ, ಮಡ್‌ಗಾರ್ಡ್ ಸಡಿಲ.

ಈಗ ನಿಮ್ಮ ಗಾಡಿಗೆ ಬರೋಣ. ನನ್ನ ಸಲಹೆ ಸ್ವಲ್ಪ ಬೇರೆ: ಬುಡ ಬಿಡಿ, ತಲೆ ತೆಗೆಯಿರಿ. ಹೊರಗಡೆ ಸಿಗೋ ಎತ್ತರದ ಬ್ಯಾಕ್‌ರೆಸ್ಟ್‌ಗಳಲ್ಲಿ ಬಹಳಷ್ಟು ಎರಡು ಭಾಗದವು. ಪಕ್ಕದ ಪ್ಲೇಟುಗಳು ಗಾಡಿಗೆ ಕೂತಿರುತ್ತವೆ. ಅದರ ಮೇಲೆ ಯು ಆಕಾರದ ಸರಳು, ಸರಳಿಗೆ ದಿಂಬು. ಸರಳು ಪ್ಲೇಟಿಗೆ ಸೇರೋ ಜಾಗದಲ್ಲಿ ಬೇರೆ ಬೋಲ್ಟ್‌ಗಳಿರುತ್ತವೆ, ಸಾಮಾನ್ಯವಾಗಿ ಪಕ್ಕಕ್ಕೊಂದು ಅಥವಾ ಎರಡು. ನೀವು ಹೇಳಿದ ನಾಲ್ಕು ಬೋಲ್ಟ್ ಪ್ಲೇಟಿನವು. ಅದಕ್ಕಿಂತ ಒಂದು ಗೇಣು ಮೇಲೆ, ದಿಂಬಿನ ಕೆಳಗೆ ಕಣ್ಣು ಹಾಯಿಸಿ. ಅಲ್ಲಿ ಬೋಲ್ಟ್ ಇದ್ದರೆ ನಿಮ್ಮ ಅದೃಷ್ಟ. ಮೇಲಿನದನ್ನು ಮಾತ್ರ ಬಿಚ್ಚಿ, ಪ್ಲೇಟು ಮತ್ತು ಅದರ ನಾಲ್ಕು ಬೋಲ್ಟ್ ಮುಟ್ಟಲೇಬೇಡಿ. ಉದ್ದ ಬೋಲ್ಟಿನ ರಗಳೆಯೇ ಇಲ್ಲ. ಅಪ್ಪ ಇರುವಷ್ಟು ದಿನ ಸರಳು ಕಪಾಟಿನ ಮೇಲೆ. ಅವರು ಊರಿಗೆ ಹೋದ ಮೇಲೆ ಹೆಂಡತಿಯವರ ಜಾಗ ಅವರಿಗೆ ವಾಪಸ್. ಹಾರ್ಲೆ-ಡೇವಿಡ್ಸನ್‌ನ ಕಳಚಿ ಹಾಕೋ ಬ್ಯಾಕ್‌ರೆಸ್ಟ್‌ಗಳದ್ದೂ ಇದೇ ಲೆಕ್ಕ. ಕೊಂಡಿ ಸಿಕ್ಕಿಸೋ ಗುಂಡಿಗಳು ಗಾಡಿಯಲ್ಲೇ ಇರುತ್ತವೆ, ಮೇಲಿನದು ಮಾತ್ರ ಕೈಯಲ್ಲಿ ಬಂದುಬಿಡುತ್ತದೆ.

ಕಳಚೋದು ಸುಲಭವಾಗಲಿ ಅಂತ ಅಲ್ಲಿಗೆ ಚಿಟ್ಟೆ ನಟ್ ಹಾಕೋ ಬುದ್ಧಿವಂತರಿದ್ದಾರೆ. ಹಾಕಬೇಡಿ. ಒಂದು ಸಿಲಿಂಡರಿನ ಗಾಡಿ ದಿನವಿಡೀ ನಡುಗುತ್ತದೆ, ಬೆರಳಲ್ಲಿ ಬಿಗಿದ ನಟ್ ಅಲ್ಲಿ ನಿಲ್ಲಲ್ಲ. ಒಂದು ಪಾನಾ ಸೀಟಿನ ಕೆಳಗಿಟ್ಟುಕೊಂಡರೆ ಆಯ್ತು.

ಮೇಲೆ ಬೋಲ್ಟ್ ಇಲ್ಲ, ಎಲ್ಲಾ ಒಂದೇ ತುಂಡಾಗಿ ವೆಲ್ಡ್ ಮಾಡಿದ್ದಾರೆ ಅಂದರೆ ಪೂರ್ತಿ ತೆಗೆಯಬೇಕು. ಅದನ್ನು ಹೀಗೆ ಮಾಡಿ.

ಗಾಡಿ ತಣ್ಣಗಿರಲಿ, ಸೈಲೆನ್ಸರ್ ಪಕ್ಕದಲ್ಲೇ ಕೈ ಓಡಾಡುತ್ತದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ. ಸೊಸೈಟಿ ಪಾರ್ಕಿಂಗ್‌ನ ಇಳಿಜಾರು ಬೇಡ. ಮಡ್‌ಗಾರ್ಡಿನ ಮೇಲೆ ಹಳೇ ಪಂಚೆ ಮಡಚಿ ಹಾಸಿ. ಬ್ಯಾಕ್‌ರೆಸ್ಟ್ ಸಡಿಲವಾದ ಕೂಡಲೇ ಓಲಾಡಿ ಮೊದಲು ಕೆರೆಯೋದು ಪೇಂಟನ್ನೇ. ಇನ್ನೊಂದು ಹಳೇ ಟವೆಲ್ ತಗೊಂಡು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬಿಗಿಯಾಗಿ ತುರುಕಿ. ಯಾಕೆ ಅಂದರೆ ಎಷ್ಟೋ ಕ್ರೂಸರ್‌ಗಳಲ್ಲಿ ಬ್ಯಾಕ್‌ರೆಸ್ಟ್ ಹಿಡಿದಿರುವ ಬೋಲ್ಟೇ ಮಡ್‌ಗಾರ್ಡನ್ನೂ ಹಿಡಿದಿರುತ್ತದೆ. ನಾಲ್ಕೂ ತೆಗೆದರೆ ಮಡ್‌ಗಾರ್ಡ್ ಕೆಳಗೆ ಜಗ್ಗಿ, ಟೇಲ್ ಲೈಟಿನ ವಯರ್ ಎಳೆದುಕೊಂಡು ಹೋಗುತ್ತದೆ. ಇಂಡಿಕೇಟರ್ ಪ್ಲೇಟಿಗೇ ಕೂತಿದೆಯಾ ಅಂತಲೂ ನೋಡಿ. ಕೂತಿದ್ದರೆ ವಯರಿನ ಕನೆಕ್ಟರ್ ಮೊದಲು ಬಿಡಿಸಿ, ಯಾವುದು ಎಲ್ಲಿಗೆ ಅಂತ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬೋಲ್ಟಿನ ತಲೆ ಎರಡು ಥರ. ಆರು ಮೂಲೆಯ ತಲೆ ಇದ್ದರೆ ರಿಂಗ್ ಪಾನಾ ಅಥವಾ ಗೋಟಿ (ಸಾಕೆಟ್) ಹಾಕಿ. 8 ಮಿಲಿಮೀಟರ್ ಬೋಲ್ಟಿಗೆ 12 ಅಥವಾ 13ರದ್ದು ಕೂರುತ್ತದೆ. ಬಾಯಿ ತೆರೆದ ಫಿಕ್ಸ್ ಪಾನಾ ಹಾಕಿ ಜೋರು ಮಾಡಬೇಡಿ, ಮೂಲೆ ಸವೆಯುತ್ತದೆ. ತಲೆಯೊಳಗೆ ಗುಣಿ ಇದ್ದರೆ ಅದು ಎಲ್ಲೆನ್ ಬೋಲ್ಟ್. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಗುಣಿಯೊಳಗಿನ ಮಣ್ಣು. ಎರಡು ಮಳೆಗಾಲ ಕಂಡ ಬೋಲ್ಟಿನ ಗುಣಿಯಲ್ಲಿ ಪಾಲಿಶ್ ಮೇಣ, ಧೂಳು ಸೇರಿ ಗಟ್ಟಿ ಕಟ್ಟಿರುತ್ತದೆ. ಕೀ ಅರ್ಧ ಮಾತ್ರ ಒಳಗೆ ಹೋಗುತ್ತದೆ, ತಿರುಗಿಸಿದ ಕೂಡಲೇ ಗುಣಿ ದುಂಡಗಾಗುತ್ತದೆ. ಅಲ್ಲಿಂದ ಮುಂದೆ ಡ್ರಿಲ್ಲೇ ಗತಿ. ಸುಮ್ನೆ ಒಂದು ದಬ್ಬಣ ತಗೊಂಡು ಎರಡು ನಿಮಿಷ ಕೆರೆಯಿರಿ, ಊದಿ, ಕೀ ತಳದವರೆಗೆ ‘ಟಕ್’ ಅಂತ ಕೂತಿದೆಯಾ ನೋಡಿ. 8ರ ಎಲ್ಲೆನ್ ಬೋಲ್ಟಿಗೆ 6ರ ಕೀ. ತಲೆ ಗುಂಡಗಿದ್ದರೆ 5ರದ್ದು. ಸ್ವಲ್ಪ ಸಡಿಲ ಅನ್ನಿಸಿದರೂ ಆ ಕೀ ನಿಮ್ಮದಲ್ಲ.

ಬಿಡದಿದ್ದರೆ ಹಠ ಮಾಡಬೇಡಿ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡೋ ಕಡೆ ಒತ್ತಿ, ಆಮೇಲೆ ಬಿಚ್ಚೋ ಕಡೆ. ತುಕ್ಕಿನ ಪದರ ಒಡೆಯೋದು ಆ ಹಿಂದೆಮುಂದೆಯಲ್ಲೇ. ಹಿಂದಿನ ಮಾಲೀಕರು ಥ್ರೆಡ್ ಹಿಡಿಯೋ ಅಂಟು ಹಾಕಿಸಿದ್ದರೆ ಎಣ್ಣೆಗೆ ಬಗ್ಗಲ್ಲ, ಬಿಸಿಗೆ ಬಗ್ಗುತ್ತದೆ. ಸೋಲ್ಡರಿಂಗ್ ಐರನ್ ತುದಿಯನ್ನು ಬೋಲ್ಟಿನ ತಲೆಗೆ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಸ್ಪ್ರೇ ಹೊಡೆದ ಜಾಗಕ್ಕೆ ಬಿಸಿ ತಾಗಿಸಬೇಡಿ, ಅದು ಹತ್ತಿಕೊಳ್ಳೋ ವಸ್ತು. ಬೆಂಕಿ ಪೊಟ್ಟಣವಂತೂ ಬೇಡವೇ ಬೇಡ. ಸೀಟಿನ ಸ್ಪಂಜು, ವಯರು, ಪೆಟ್ರೋಲು ಎಲ್ಲಾ ಒಂದು ಮೊಳದೊಳಗೇ ಇವೆ.

ನಾಲ್ಕನ್ನೂ ಮೊದಲು ಅರ್ಧರ್ಧ ಸುತ್ತು ಸಡಿಲ ಮಾಡಿ, ಆಮೇಲೆ ಒಂದೊಂದಾಗಿ ತೆಗೆಯಿರಿ. ಒಂದನ್ನೇ ಪೂರ್ತಿ ತೆಗೆದರೆ ಉಳಿದವುಗಳ ಮೇಲೆ ಸರಳು ವಾಲಿ ಥ್ರೆಡ್ ಹಾಳಾಗುತ್ತದೆ. ಕೊನೆಯ ಬೋಲ್ಟ್ ತೆಗೆಯುವಾಗ ಯಾರಾದರೂ ಹಿಡಿದುಕೊಳ್ಳಲಿ, ಅಪ್ಪನನ್ನೇ ಕರೆಯಿರಿ.

ಬಂದ ಬೋಲ್ಟ್, ವಾಶರ್, ಬುಶ್ ಯಾವುದನ್ನೂ ಒಂದೇ ಡಬ್ಬಿಗೆ ಸುರಿಯಬೇಡಿ. ಮುಂದಿನದೂ ಹಿಂದಿನದೂ ಉದ್ದದಲ್ಲಿ ಬೇರೆ ಇರಬಹುದು. ಒಂದು ರಟ್ಟಿನ ಮೇಲೆ ಮಡ್‌ಗಾರ್ಡಿನ ಚಿತ್ರ ಬರೆದು, ಅದೇ ಜಾಗಕ್ಕೆ ತೂತು ಮಾಡಿ ಸಿಕ್ಕಿಸಿಡಿ.

ಈಗ ಅಸಲು ಕೆಲಸ. ಪ್ಲೇಟಿನ ದಪ್ಪ ಅಳೆಯಿರಿ, ಬುಶ್ ಇದ್ದರೆ ಅದನ್ನೂ ಸೇರಿಸಿ. ಬೋಲ್ಟಿನ ಉದ್ದದಲ್ಲಿ ಅಷ್ಟನ್ನು ಕಳೆಯಿರಿ. ತಲೆ ಬಿಟ್ಟು 35 ಮಿಲಿಮೀಟರ್ ಬೋಲ್ಟ್, 5ರ ಪ್ಲೇಟು ಅಂದರೆ ನಿಮಗೆ ಬೇಕಿರೋದು 30. ಹಳೇ ಬೋಲ್ಟ್ ಒಂದನ್ನು ಜೇಬಿಗೆ ಹಾಕಿಕೊಂಡು ರವಿವಾರ ಪೇಠೆಯ ಬೋಹರಿ ಆಳಿಗೆ ಹೋಗಿ, ಅಲ್ಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ. ಹೊಸ ಬೋಲ್ಟನ್ನು ಹಳೆಯದರ ಪಕ್ಕ ಹಿಡಿದು ಥ್ರೆಡ್ಡಿಗೆ ಥ್ರೆಡ್ ಕೂರಿಸಿ ನೋಡಿ. ನಡುವೆ ಬೆಳಕು ಕಂಡರೆ ಬೇಡ. 8 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯ ಥ್ರೆಡ್ 1.25, ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್ ಅಂತರ. ತಲೆಯ ಮೇಲೆ 8.8 ಅಂತ ಅಚ್ಚು ಇರಲಿ, ಅದು ಬೋಲ್ಟಿನ ಗಟ್ಟಿತನದ ದರ್ಜೆ. ಅಂಗಡಿಯವರು ‘ಸ್ಟೀಲ್ ತಗೊಳ್ಳಿ ಸಾಹೇಬ, ತುಕ್ಕು ಹಿಡಿಯಲ್ಲ’ ಅಂತ ಹೊಳೆಯೋದನ್ನು ಕೊಡುತ್ತಾರೆ. ಸಾಮಾನ್ಯವಾಗಿ ಸಿಗೋ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ 8.8ಕ್ಕಿಂತ ಸ್ವಲ್ಪ ಮೆದು. ಅಂದಕ್ಕೆ ಸರಿ, ಮಡ್‌ಗಾರ್ಡ್ ಹೊರೋ ಜಾಗಕ್ಕೆ ನಾನು ಹಾಕಲ್ಲ. ಚಿಕ್ಕ ಬೋಲ್ಟ್ ಸಿಗಲೇ ಇಲ್ಲ ಅಂದರೆ ಪ್ಲೇಟಿನಷ್ಟೇ ದಪ್ಪ ಬರೋ ಹಾಗೆ ತಲೆಯ ಕೆಳಗೆ ವಾಶರ್ ಹಾಕಿ. ನೋಡೋಕೆ ಚೆನ್ನಾಗಿರಲ್ಲ, ಕೆಲಸ ಮಾತ್ರ ನಡೆಯುತ್ತದೆ.

ಹಾಗಂತ ತೀರಾ ಗಿಡ್ಡದ್ದೂ ಆಗಬಾರದು. 8 ಮಿಲಿಮೀಟರ್ ಬೋಲ್ಟಿನ ಕನಿಷ್ಠ 8 ಮಿಲಿಮೀಟರ್ ಥ್ರೆಡ್ ಒಳಗೆ ಹಿಡಿದಿರಬೇಕು. 12 ಇದ್ದರೆ ನೆಮ್ಮದಿ. ಒಳಗೆ ಬಿಡಿ ನಟ್ ಇರೋ ಗಾಡಿಯಾದರೆ ಇನ್ನೂ ಒಂದು ಉಪಾಯವಿದೆ: ಬೋಲ್ಟನ್ನು ಒಳಗಿನಿಂದ ಹೊರಕ್ಕೆ ಹಾಕಿ. ಗುಂಡು ತಲೆ ಟೈರ್ ಕಡೆ, ನಟ್ ಹೊರಗೆ. ಚುಚ್ಚೋ ತುದಿಯೇ ಒಳಗಿರಲ್ಲ. ಒಳಗೆ ವೆಲ್ಡ್ ಮಾಡಿದ ನಟ್ ಇದ್ದರೆ ಇದು ಆಗಲ್ಲ.

ಟೈರಿಗೆ ತಾಗುತ್ತದೋ ಇಲ್ಲವೋ ಅಂತ ನೋಡೋಕೆ ಅಡುಗೆಮನೆಗೆ ಹೋಗಿ. ಚಪಾತಿ ಹಿಟ್ಟು ಒಂದು ನಿಂಬೆಕಾಯಿಯಷ್ಟು ಗಟ್ಟಿಯಾಗಿ ಕಲಸಿ, ಮಡ್‌ಗಾರ್ಡಿನ ಒಳಗೆ ಬೋಲ್ಟಿನ ತುದಿಗಳಿಗೆ ಮೆತ್ತಿ. ತುರುಕಿದ್ದ ಟವೆಲ್ ಹೊರಗೆ ತೆಗೆದಿರಬೇಕು, ಮರೆಯಬೇಡಿ. ಇಬ್ಬರು ಸೀಟಿನ ಮೇಲೆ ಕೂತು ನಾಲ್ಕು ಸಲ ಜೋರಾಗಿ ಕುಕ್ಕರಿಸಿ. ಇಳಿದು ಹಿಟ್ಟು ನೋಡಿ. ಟೈರಿನ ಗೆರೆ ಹಿಟ್ಟಿನ ಮೇಲೆ ಅಚ್ಚೊತ್ತಿದ್ದರೆ ಆ ಜಾಗದಲ್ಲಿ ಉಳಿದಿರೋ ಹಿಟ್ಟಿನ ದಪ್ಪವೇ ನಿಮ್ಮ ಹತ್ತಿರ ಇರೋ ಜಾಗ. ನಿಂತ ಗಾಡಿಯಲ್ಲಿ ಎಷ್ಟು ಕುಕ್ಕರಿಸಿದರೂ ಹೊಂಡಕ್ಕೆ ಬಿದ್ದಷ್ಟು ಶಾಕ್ ಅಬ್ಸಾರ್ಬರ್ ಒತ್ತಲ್ಲ. ಹಾಗಾಗಿ ಅಚ್ಚು ಬಿದ್ದಿದೆ ಅಂದರೇನೇ ಬೋಲ್ಟ್ ಇನ್ನೂ ಚಿಕ್ಕದು ಮಾಡಿ ಅಂತ ಅರ್ಥ. ಅಚ್ಚು ಬೀಳದಿದ್ದರೂ ಮಾರನೇ ದಿನ ಒಂದು ಸುತ್ತು ಹೋಗಿ ಬಂದು ಟಾರ್ಚ್ ಹಾಕಿ ಇಣುಕಿ. ಹಿಟ್ಟು ಕಿತ್ತು ಒರೆಸಿ, ಇಲ್ಲದಿದ್ದರೆ ಇಲಿ ಬರುತ್ತದೆ!

ಬಿಗಿ ಎಷ್ಟು? ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಆ ಬೋಲ್ಟಿಗೆ ಅಂಕಿ ಇದ್ದರೆ ಅದೇ ಕೊನೇ ಮಾತು. ಇಲ್ಲದಿದ್ದರೆ 8.8ರ 8 ಮಿಲಿಮೀಟರ್ ಬೋಲ್ಟಿಗೆ ಸುಮಾರು 22ರಿಂದ 25 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಇಲ್ಲದವರಿಗೆ ಹೇಳಬೇಕೆಂದರೆ, ಒಂದು ಗೇಣು ಉದ್ದದ ಹಿಡಿಕೆಯ ತುದಿಯಲ್ಲಿ 10 ಕೆಜಿ ಅಕ್ಕಿ ಚೀಲ ತೂಗಿಬಿಟ್ಟಷ್ಟು. ಕಾಲಲ್ಲಿ ತುಳಿದು ಬಿಗಿ ಮಾಡೋ ಜಾಗ ಇದಲ್ಲ. ನೀಲಿ ಬಣ್ಣದ ಥ್ರೆಡ್ ಅಂಟು ಒಂದು ಹನಿ ಸಾಕು. ಕೆಂಪು ಬೇಡ, ಅದು ಮುಂದೆ ಬಿಚ್ಚೋರನ್ನು ಅಳಿಸುತ್ತದೆ.

ಹಿಂದಿನ ಮಾಲೀಕರು ಮಡ್‌ಗಾರ್ಡಿಗೆ ಹೊಸದಾಗಿ ತೂತು ಕೊರೆಸಿದ್ದಾರಾ ಅಂತ ನೋಡಿ. ಕೊರೆಸಿದ್ದರೆ ಅಂಚಿನ ತುಕ್ಕು ಪಾಲಿಶ್ ಪೇಪರಿನಲ್ಲಿ ಉಜ್ಜಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ರಬ್ಬರ್ ಬಿರಡೆ ಹಾಕಿ.

ಇನ್ನು ಕಾನೂನಿನ ಮಾತು. ಬ್ಯಾಕ್‌ರೆಸ್ಟ್ ಇರಲೇಬೇಕು ಅಂತ ಎಲ್ಲೂ ಇಲ್ಲ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರೋ ಸೀಟಿರುವ ಬೈಕಿಗೆ ಮೂರು ಬೇಕು: ಕೈ ಹಿಡಿಯೋಕೆ ಕಾಯಂ ಹಿಡಿಕೆ, ಕಾಲಿಡೋ ಮೆಟ್ಟು, ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಅರ್ಧ ಚಕ್ರವಾದರೂ ಮುಚ್ಚೋ ಗಾರ್ಡು, ಅಂದರೆ ನಮ್ಮ ಸೀರೆ ಗಾರ್ಡು. ನಿಮ್ಮ ಗಾಡಿಯಲ್ಲಿ ಕಂಪನಿಯ ಹಿಡಿಕೆ ಹೋಗಿದೆ, ಈಗಿರೋ ಹಿಡಿಕೆ ಈ ಬ್ಯಾಕ್‌ರೆಸ್ಟೇ. ಅದನ್ನೂ ಪೂರ್ತಿ ತೆಗೆದರೆ ಹಿಂದೆ ಕೂತವರಿಗೆ ಹಿಡಿಯೋಕೆ ಏನು ಉಳಿಯಿತು? ಪೊಲೀಸರ ಮಾತು ಬಿಡಿ, ಮೊಣಕಾಲು ನೋವಿನ ಅಪ್ಪ ಇಳಿಯುವಾಗ ಯಾವುದಕ್ಕೆ ಕೈ ಊರಬೇಕು? ಹಾಗಾಗಿ ನಾನಾ ಪೇಠೆಗೆ ಹೋಗಿ ನಿಮ್ಮ ಮಾಡೆಲ್, ವರ್ಷ ಹೇಳಿ ಗಾಡಿಗೆ ಸರಿಯಾದ ಹಿಡಿಕೆ ಕೇಳಿ. ಬೈಕಿನ ಸ್ಪೇರ್ ಪಾರ್ಟ್‌ಗೆ ಪುಣೆಯವರು ಓಡೋದು ಅಲ್ಲಿಗೇ. ಹಳೇ ಹಿಡಿಕೆ ಇನ್ನೂ ಮನೆಯಲ್ಲಿದೆಯಾ ಅಂತ ಹಿಂದಿನ ಮಾಲೀಕರಿಗೂ ಒಂದು ಫೋನ್ ಮಾಡಿ. ಬಹಳ ಜನ ಇಂಥದ್ದನ್ನು ಎಸೆಯಲ್ಲ, ಅಟ್ಟದ ಮೇಲೆ ಇಟ್ಟಿರುತ್ತಾರೆ. ಹಿಡಿಕೆ ಕೈಗೆ ಬರೋವರೆಗೆ ಬ್ಯಾಕ್‌ರೆಸ್ಟ್ ಬಿಚ್ಚಬೇಡಿ. ಸರಳು ಮಾತ್ರ ತೆಗೆಯೋ ದಾರಿ ಹಿಡಿದರೂ, ಪ್ಲೇಟು ಕೈ ಹಿಡಿಯೋ ಆಕಾರದಲ್ಲಿ ಇಲ್ಲದಿದ್ದರೆ ಹಿಡಿಕೆ ಬೇಕೇ ಬೇಕು.

ಹೆಂಡತಿಯವರ ಹಠಕ್ಕೆ ಅರ್ಥವಿದೆ. ಒರಗಿ ಕೂತು ಅಭ್ಯಾಸವಾದ ಬೆನ್ನು ಒಂದೇ ದಿನಕ್ಕೆ ಮರೆಯಲ್ಲ. ಅವತ್ತು ಸ್ವಾರ್ಗೇಟ್ ಸಿಗ್ನಲ್ ಹಸಿರಾಗಿ ನಾನು ಕ್ಲಚ್ ಬಿಟ್ಟ ಕೂಡಲೇ ನನ್ನ ಹೆಂಡತಿ ಹಳೇ ರೂಢಿಯಲ್ಲಿ ಹಿಂದಕ್ಕೆ ಒರಗಿದಳು. ಅಲ್ಲಿ ಗಾಳಿ ಮಾತ್ರ ಇತ್ತು. ನನ್ನ ಶರ್ಟಿನ ಕಾಲರ್ ಹಿಡಿದುಕೊಂಡಳು, ಎರಡು ಗುಂಡಿ ಕಿತ್ತು ಬಂದವು. ಬೋಲ್ಟಿನ ಸದ್ದಿಗಿಂತ ಮುಂಚೆ ಇದಾಗಿತ್ತು, ಆಗಲೇ ವಾಪಸ್ ತಿರುಗಬೇಕಿತ್ತು. ಬಿಚ್ಚಿದ ಮೇಲೆ ಮೊದಲ ಸಲ ಯಾರೇ ಕೂತರೂ ಬಾಯಿಬಿಟ್ಟು ಹೇಳಿ: ‘ಹಿಂದೆ ಏನೂ ಇಲ್ಲ, ಹಿಡಿಕೆ ಹಿಡ್ಕೊಳ್ಳಿ.’ ಇನ್ನೊಂದು ಮಾತು ಅವರ ಕಿವಿಗೂ ಹಾಕಿ. ಬ್ಯಾಕ್‌ರೆಸ್ಟ್ ಕಾಯೋದು ಗಾಡಿ ಮುಂದಕ್ಕೆ ಹಾರಿದಾಗ ಮಾತ್ರ. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ಬರುತ್ತದೆ, ಅಲ್ಲಿ ದಿಂಬು ಏನೂ ಮಾಡಲ್ಲ. ದಿಂಬು ಇದ್ದರೂ ಕೈ ಹಿಡಿಕೆಯಲ್ಲೇ ಇರಬೇಕು.

ಅಪ್ಪನ ವಿಷಯ. ಅವರು ವಾರಕ್ಕೋ ಹತ್ತು ದಿನಕ್ಕೋ ಬಂದವರಾದರೆ ಬಿಚ್ಚೋ ಮೊದಲು ಒಂದು ಪ್ರಯೋಗ ಮಾಡಿ. ಅವೆಂಜರ್ ಸವಾರನ ಸೀಟು ನೆಲದಿಂದ 737 ಮಿಲಿಮೀಟರ್ ಅಷ್ಟೇ. ಹಿಂದಿನ ಸೀಟು ಅದಕ್ಕಿಂತ ಎತ್ತರ, ಅದರ ಹಿಂದೆ ಬ್ಯಾಕ್‌ರೆಸ್ಟ್. ಅಪ್ಪ ಎಲ್ಲರ ಹಾಗೆ ಹಿಂದಿನಿಂದ ಕಾಲು ಬೀಸೋಕೆ ನೋಡುತ್ತಾರೆ, ದಿಂಬಿಗೆ ತಾಗುತ್ತದೆ. ಗಾಡಿಯನ್ನು ಫುಟ್‌ಪಾತಿನ ಪಕ್ಕಕ್ಕೇ, ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಿ. ಮೊದಲು ನೀವು ಕೂತು, ಸೈಡ್ ಸ್ಟ್ಯಾಂಡ್ ತೆಗೆದು, ಎರಡೂ ಕಾಲೂರಿ, ಮುಂದಿನ ಬ್ರೇಕ್ ಹಿಡಿದು ಗಾಡಿ ನೇರ ಮಾಡಿ. ಅಪ್ಪ ಫುಟ್‌ಪಾತ್ ಮೇಲೆ ನಿಂತು, ನಿಮ್ಮ ಹೆಗಲು ಹಿಡಿದು, ನಿಮ್ಮ ಬೆನ್ನಿಗೂ ದಿಂಬಿಗೂ ನಡುವೆ ಬಲಗಾಲು ದಾಟಿಸಲಿ. ಆರಿಂಚು ಎತ್ತರದಲ್ಲಿ ನಿಂತವರಿಗೆ ಕಾಲು ಅಷ್ಟು ಎತ್ತೋ ಕಷ್ಟ ಇಲ್ಲ. ಇಳಿಯೋದೂ ಹಾಗೇ, ಫುಟ್‌ಪಾತ್ ಹುಡುಕಿ ಇಳಿಸಿ. ಇದರಲ್ಲೇ ಅವರಿಗೆ ಸಲೀಸಾದರೆ ಪಾನಾ ಮುಟ್ಟೋದೇ ಬೇಡ. ಎರಡು ಸಲ ನೋಡಿಯೂ ಮೊಣಕಾಲು ಹಿಡಿದುಕೊಂಡರೆ ಬಿಚ್ಚಿಬಿಡಿ, ಆಗ ಯೋಚನೆ ಮಾಡಬೇಡಿ.

ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಾಲ್ಕನಿಯಲ್ಲಿ ಇಡಬೇಡಿ. ಜೂನ್ ಬಂತು ಅಂದರೆ ಚೀಲದೊಳಗೇ ಬೆವರಿ ಕ್ರೋಮ್ ಚುಕ್ಕೆ ಚುಕ್ಕೆ ಏಳುತ್ತದೆ. ಸರಳಿಗೆ ತೆಳುವಾಗಿ ಎಂಜಿನ್ ಆಯಿಲ್ ಸವರಿ, ಹಳೇ ಕಾಟನ್ ಬಟ್ಟೆ ಸುತ್ತಿ, ಒಳಗೆ ಎತ್ತರದಲ್ಲಿಡಿ. ಉದ್ದದ ನಾಲ್ಕು ಬೋಲ್ಟ್ ಸಿಕ್ಕಿಸಿದ ರಟ್ಟನ್ನು ಅದಕ್ಕೇ ದಾರದಲ್ಲಿ ಕಟ್ಟಿ. ಅಪ್ಪ ಧಾರವಾಡದ ಬಸ್ ಹತ್ತಿದ ಮೇಲೆ ಹುಡುಕಾಟ ಇರಲ್ಲ.